ಲೆಕ್ಕ ತಾಳೆಯಾಗದ ಮನೆ: ಆಷಾಢದಲ್ಲಿ 'ಘಾಚರ್ ಘೋಚರ್' ಓದು

ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಗ್ಗೆ ನಾನು ವಿದ್ಯಾರ್ಥಿಗಳ ಜೊತೆ ಹಲವು ಸಲ ಮಾತಾಡಿದ್ದೇನೆ. ಪ್ರತಿಸಲವೂ ಹೇಳಿದ್ದು ಒಂದೇ: ಮನೆಗೆ ಹಣ ಬಂತು, ಮನುಷ್ಯತ್ವ ಹೋಯಿತು. ಈ ಮಾತು ಅರ್ಧ ಮಾತ್ರ ಸರಿ ಎಂದು ತಿಳಿಯುವುದಕ್ಕೆ ನನ್ನ ಸಂಪಾದನೆ ನಿಲ್ಲಬೇಕಾಯಿತು.

ನಾನು ಅತಿಥಿ ಉಪನ್ಯಾಸಕಿ. ಕಡೂರಿನಲ್ಲಿ ಮನೆ, ಪಾಠ ತರೀಕೆರೆಯಲ್ಲಿ. ಬೀರೂರು ದಾಟಿ ಹೋಗುವ ಬಸ್ಸಿನಲ್ಲಿ ಎಷ್ಟೋ ಪುಸ್ತಕ ಓದಿ ಮುಗಿಸಿದ್ದೇನೆ. ನಮ್ಮಂಥವರಿಗೆ ಸೆಮಿಸ್ಟರ್ ಮುಗಿದರೆ ಗೌರವಧನವೂ ಮುಗಿಯಿತು. ಕಳೆದ ಸಲ ಕಾರ್ಯಭಾರ ಕಡಿಮೆಯಾಗಿ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ ಬರಲಿಲ್ಲ. ಕೊಬ್ಬರಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಗಂಡನ ಸಂಬಳ, ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿರುವ ಅತ್ತೆಯ ಖಾತೆಗೆ ಬೀಳುವ ಗೃಹಲಕ್ಷ್ಮಿಯ 2,000 ರೂಪಾಯಿ, ಇಷ್ಟರಲ್ಲೇ ಬಾಡಿಗೆ, ಮಗಳ ಫೀಸು, ಸಂಘದ ಕಂತು ಎಲ್ಲ ಆಗಬೇಕಿತ್ತು. ಅಜ್ಜಂಪುರದ ಕಡೆಯವರಾದ ಅತ್ತೆ, ಈರುಳ್ಳಿ ಬೆಳೆ ಕೈಕೊಟ್ಟ ವರ್ಷಗಳನ್ನು ಕಂಡವರು. ಅವರು ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ದಿನದ ಖರ್ಚು ಬರೆಯಲು ಶುರುಮಾಡಿದರು. ಹಣ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ರಾತ್ರಿ ಊಟವಾದ ಮೇಲೆ ಒಂಬತ್ತು ವರ್ಷದ ಮಗಳು ಚೀಟಿ ನೋಡಿ ಓದುವುದು, ಅತ್ತೆ ಬರೆಯುವುದು. ಮಗಳಿಗೆ ಅದೊಂದು ಆಟ.

ಅಷ್ಟರಲ್ಲಿ ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು, ಬಟ್ಟೆ ಅಂಗಡಿಗೆ ವ್ಯಾಪಾರವಿಲ್ಲ, ಅದಕ್ಕೇ ರಿಯಾಯಿತಿ. ಶ್ರಾವಣದ ವರಮಹಾಲಕ್ಷ್ಮಿಗೆ ಬೇಕಾದ ಸೀರೆಯನ್ನು ಒಂದು ತಿಂಗಳು ಮೊದಲೇ ಮಾರಿಬಿಡುವ ಉಪಾಯ. ನಾದಿನಿಗೆ ಮದುವೆಯಾದ ಮೇಲಿನ ಮೊದಲ ಹಬ್ಬ, ಸೀರೆ ಕೊಡಲೇಬೇಕು. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ನೋಡಿಕೊಂಡು ಬರುವುದಕ್ಕೇನು ಎಂದು ಹೊರಟೆ. ಒಂದು ಕೊಂಡರೆ ಒಂದು ಉಚಿತ ಎಂದಿದ್ದ ಕಡೆ 1,400 ಕೊಟ್ಟು ಎರಡು ಸೀರೆ ತಂದೆ. ಮನೆಯಲ್ಲಿ 900 ಎಂದೆ.

ಸಾಹಿತ್ಯದ ವಿದ್ಯಾರ್ಥಿಗಳು ಇಂಥ ಕರಪತ್ರವನ್ನೂ ಒಂದು ಪಠ್ಯವಾಗಿ ಓದಬೇಕು. ಅದರಲ್ಲಿ 'ಖರ್ಚು' ಎಂಬ ಪದವೇ ಇರುವುದಿಲ್ಲ. 'ಉಳಿಸಿ' ಎಂದಿರುತ್ತದೆ, 'ಗಳಿಸಿ' ಎಂದಿರುತ್ತದೆ. ಮೊದಲು ದೊಡ್ಡದೊಂದು ಬೆಲೆ ಅಚ್ಚು ಹಾಕಿ, ಅದರ ಮೇಲೆ ಗೀಟು ಎಳೆದು, ಕೆಳಗೆ ಸಣ್ಣ ಬೆಲೆ. ಗೀಟು ಎಳೆದ ಬೆಲೆಯನ್ನು ಯಾರೂ ಕೊಟ್ಟಿರುವುದಿಲ್ಲ. ಆದರೂ ಎರಡರ ನಡುವಿನ ಅಂತರ ನಮ್ಮ ಕೈಗೆ ಬಂದ ಹಣದಂತೆ ಅನ್ನಿಸುತ್ತದೆ. ಸಂಪಾದನೆ ಇಲ್ಲದವರಿಗೆ ಈ ಮಾತು ಹೆಚ್ಚು ನಾಟುತ್ತದೆ. ದುಡಿದು ತರಲಾಗದವಳು ಕನಿಷ್ಠ ಉಳಿಸಿಯಾದರೂ ತಂದೆ ಎಂದು ಹೇಳಿಕೊಳ್ಳುವ ಆಸೆ ಅದು. ನಾನು ಕೊಂಡದ್ದು ಸೀರೆಗಿಂತ ಹೆಚ್ಚಾಗಿ ಆ ಮಾತನ್ನೇ.

ಆ ರಾತ್ರಿ ಡಬ್ಬಿಯ ಲೆಕ್ಕ ತಾಳೆಯಾಗಲಿಲ್ಲ. 500 ಕಡಿಮೆ. ಅತ್ತೆ ಮೂರು ಸಲ ಎಣಿಸಿದರು. ಮಗಳು ಟ್ರಂಕಿನ ಕೆಳಗೆಲ್ಲ ಹುಡುಕಿದಳು. ನಾನು ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಆಗ ನೆನಪಾದದ್ದು 'ಘಾಚರ್ ಘೋಚರ್'.

2013ರಲ್ಲಿ ಬಂದ ಈ ಕೃತಿಯ ಮೊದಲ ಮನೆ ಬೆಂಗಳೂರಿನ ಇಕ್ಕಟ್ಟಾದ ಮನೆ. ಅಪ್ಪ ಸೇಲ್ಸ್‌ಮನ್, ದಿನದ ಲೆಕ್ಕ ಮುಗಿಸದೆ ಮಲಗುವವನಲ್ಲ. ಒಂದು ದಿನ ಲೆಕ್ಕ ತಾಳೆಯಾಗದಿದ್ದಾಗ ಮನೆ ಮಂದಿಯೆಲ್ಲ ಆತಂಕದಿಂದ ಅದರ ಸುತ್ತ ಕೂರುತ್ತಾರೆ. ಮುಂದೆ ಅಪ್ಪನ ಕೆಲಸ ಹೋಗುತ್ತದೆ, ಬಂದ ಹಣ ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ, ಮನೆ ಶ್ರೀಮಂತವಾಗುತ್ತದೆ. ಅಲ್ಲಿಂದ ಮುಂದೆ ಯಾರು ಎಷ್ಟು ಖರ್ಚು ಮಾಡಿದರೆಂದು ಯಾರೂ ಕೇಳುವುದಿಲ್ಲ. ನಿರೂಪಕ ಹೆಸರಿಗೆ ಮಾತ್ರ ಕಂಪನಿಯಲ್ಲಿದ್ದಾನೆ, ತಿಂಗಳ ಹಣ ತಾನಾಗಿಯೇ ಬರುತ್ತದೆ.

ಹಾಗಾದರೆ ಆ ಮನೆ ಕಳೆದುಕೊಂಡದ್ದು ಬಡತನವನ್ನಲ್ಲ, ಲೆಕ್ಕ ಕೇಳುವ ಹಕ್ಕನ್ನು. ಹೀಗೆ ಓದಿದಾಗ ಅನಿತಾಳ ಪಾತ್ರ ಬೇರೆಯಾಗಿ ಕಾಣುತ್ತದೆ. ನಿನ್ನ ಸ್ವಂತ ದುಡಿಮೆ ಯಾವುದು ಎಂದು ಗಂಡನನ್ನು ಚುಚ್ಚುವವಳು, ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯವರು ಅವಮಾನಿಸಿದ್ದಕ್ಕೆ ಜವಾಬು ಕೇಳುವವಳು ಅವಳು. ಅವಳನ್ನು ಜಗಳಗಂಟಿ ಸೊಸೆ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಹೇಳಿದಾಗ ನಾನೂ ಸುಮ್ಮನಿದ್ದೆ. ಈಗ ಅನ್ನಿಸುತ್ತದೆ, ಅಪ್ಪ ಪುಸ್ತಕದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವಳು ಬಾಯಲ್ಲಿ ಮಾಡುತ್ತಿದ್ದಾಳೆ. ಅಪ್ಪ ಲೆಕ್ಕ ನೋಡಿದಾಗ ಅದು ಪ್ರಾಮಾಣಿಕತೆ, ಸೊಸೆ ಕೇಳಿದಾಗ ಅದು ಅಪಾಯ. ಶೀರ್ಷಿಕೆಯ ಆ ಅರ್ಥವಿಲ್ಲದ ಪದವನ್ನು ಮನೆಯೊಳಗೆ ತರುವವಳೂ ಅವಳೇ. ಬಾಲ್ಯದಲ್ಲಿ ಗಾಳಿಪಟದ ದಾರ ಗೋಜಲಾದಾಗ ಹುಟ್ಟಿದ ಆ ಪದ, ಮದುವೆಯ ಹೊಸತರಲ್ಲಿ ಲಂಗದ ಲಾಡಿ ಗಂಟಾದಾಗ ಅವಳ ಬಾಯಿಗೆ ಬರುತ್ತದೆ. ಗಂಟು ಬಿದ್ದಿದೆ ಎಂದು ಹೇಳುವ ಪದ ಆ ಮನೆಯಲ್ಲಿ ಅವಳೊಬ್ಬಳ ಬಳಿಯೇ ಇತ್ತು.

ಆದರೆ ನನಗೊಂದು ತಕರಾರಿದೆ. ಬಡತನದ ದಿನಗಳನ್ನು ನಿರೂಪಕ ಒಗ್ಗಟ್ಟಿನ ದಿನಗಳಾಗಿ ನೆನೆಯುತ್ತಾನೆ. ಅಲ್ಲಿ ಅಮ್ಮ ಯಾವುದನ್ನೆಲ್ಲ ಬಿಟ್ಟುಕೊಟ್ಟಳು, ಏನನ್ನು ಮುಚ್ಚಿಟ್ಟಳು ಎಂದು ಅವನು ನಿಂತು ಕೇಳುವುದಿಲ್ಲ. ಇದು ಲೇಖಕರ ಮರೆವಲ್ಲ ಎಂದೇ ನನ್ನ ನಂಬಿಕೆ. ಕೂತು ತಿನ್ನುವ ಮಗನೊಬ್ಬನ ನೆನಪು ಹೀಗೇ ಇರುತ್ತದೆ. ವಿಮರ್ಶಕರು ಮಾತ್ರ ಆ ನೆನಪನ್ನು ಸತ್ಯವೆಂದೇ ತೆಗೆದುಕೊಂಡು, ಬಡತನ ಒಳ್ಳೆಯದಿತ್ತು, ಸಿರಿವಂತಿಕೆ ಕೆಡಿಸಿತು ಎನ್ನುವ ತೀರ್ಮಾನಕ್ಕೆ ಬರಬಾರದು. ಅಂಥ ತೀರ್ಮಾನಕ್ಕೆ ಬಂದವರಲ್ಲಿ ನಾನೂ ಒಬ್ಬಳು. ಕೈ ಖಾಲಿಯಾದ ಮನೆಯಲ್ಲಿ ಲೆಕ್ಕ ಎಲ್ಲರನ್ನೂ ಒಂದುಗೂಡಿಸುವುದು ನಿಜ. ಯಾರನ್ನೋ ಸುಳ್ಳು ಹೇಳುವಂತೆ ಮಾಡುವುದೂ ಅಷ್ಟೇ ನಿಜ.

ಮಗಳು ಮಲಗಿದ ಮೇಲೆ ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. ನೋಟ್‌ಬುಕ್ ತೆಗೆದು 900ರ ಮೇಲೆ ಗೀಟು ಎಳೆದು 1,400 ಎಂದು ಬರೆದರು. ನಾನು, ಎರಡು ಸೀರೆಗೆ ಇಷ್ಟೇ ಅಂದರೆ ಅಷ್ಟು ಉಳೀತಲ್ಲ ಅತ್ತೆ, ಎಂದೆ. "ಉಳೀತು ಅಂತೀಯ, ಉಳಿದಿದ್ದು ಎಲ್ಲೈತೆ? ಡಬ್ಬೀಲಿ ಕಾಣ್ತಿಲ್ವಲ್ಲಮ್ಮ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಸೀರೆ ನೀನೇ ಉಟ್ಕೊ. ಕಾಲೇಜಿಗೆ ಕರೆದ್ರೆ ಬೇಕಾಗ್ತದೆ" ಎಂದರು.

ಮಾರನೇ ದಿನ ಮಗಳು, ಐನೂರು ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಿತು ಎಂದೆ. ಅವಳು ಖುಷಿಯಿಂದ ಸ್ಕೂಲಿಗೆ ಹೋದಳು. ಇಪ್ಪತ್ತು ವರ್ಷದ ನಂತರ ಅವಳು ಈ ಆಷಾಢವನ್ನು ನೆನೆದರೆ, ನಾವೆಲ್ಲ ಒಟ್ಟಿಗೆ ಕೂತು ಲೆಕ್ಕ ಬರೆದ ಚೆಂದದ ದಿನಗಳು ಎಂದೇ ಹೇಳಬಹುದು. ಅದನ್ನು ಓದುವವರು ಯಾರಾದರೂ ಪಾತ್ರೆ ತೊಳೆಯುತ್ತಾ ನಿಂತವಳ ಬಗ್ಗೆಯೂ ಒಂದು ಪ್ರಶ್ನೆ ಕೇಳಲಿ.