ಕುಗ್ಗಿದ ರಾಕ್ಷಸರು

ಆರ್ಕೇಡ್ ಯಂತ್ರದ ಆಟವೊಂದು ಮನೆಯ ಕಂಪ್ಯೂಟರಿಗೆ ಇಳಿದಾಗ, ಅಂದರೆ ಅದರ ‘ಪೋರ್ಟ್’ ಬಂದಾಗ, ಎಷ್ಟು ಬಣ್ಣ ಹೋಯಿತು, ಎಷ್ಟು ಸದ್ದು ಹೋಯಿತು ಎಂದು ಲೆಕ್ಕ ಹಾಕುವುದು ವಿಡಿಯೋ ಗೇಮ್ ಬಗ್ಗೆ ಬರೆಯುವವರ ರೂಢಿ. ಅನುವಾದಗಳನ್ನು ವಿಮರ್ಶಿಸುವಾಗ ನಾವು ಮಾಡುವುದೂ ಬಹಳ ಸಲ ಇಷ್ಟೇ. ಮೂಲವನ್ನು ಪಕ್ಕಕ್ಕಿಟ್ಟುಕೊಂಡು ಕಳೆದುಹೋದದ್ದನ್ನು ಎಣಿಸುತ್ತೇವೆ. ‘ರ‍್ಯಾಂಪೇಜ್’ ಆಟದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಪೋರ್ಟ್ ಈ ಲೆಕ್ಕದಲ್ಲಿ ಸೋಲುವುದು ಖಚಿತ. ಆದರೂ ಅದು ಒಳ್ಳೆಯ ರೂಪಾಂತರ ಎಂಬುದು ನನ್ನ ವಾದ.

ಮೂಲ ಆಟ 1986ರದು, ಅಮೆರಿಕದ ಬ್ಯಾಲಿ ಮಿಡ್‌ವೇ ಕಂಪನಿಯದು. ರೂಪಿಸಿದವರು ಬ್ರಿಯಾನ್ ಕಾಲಿನ್ ಮತ್ತು ಜೆಫ್ ನೌಮನ್. ಜಾರ್ಜ್ ಎಂಬ ಗೊರಿಲ್ಲಾ, ಲಿಝಿ ಎಂಬ ಹಲ್ಲಿ, ರಾಲ್ಫ್ ಎಂಬ ತೋಳ, ಮೂವರೂ ಬಹುಮಹಡಿ ಕಟ್ಟಡದಷ್ಟು ಎತ್ತರ. ಕಟ್ಟಡ ಹತ್ತಬೇಕು, ಗೋಡೆ ಗುದ್ದಬೇಕು, ಕಿಟಕಿಯಲ್ಲಿ ಸಿಕ್ಕವರನ್ನು ನುಂಗಬೇಕು, ಕಟ್ಟಡ ಕುಸಿಯುವ ಮೊದಲು ಜಿಗಿಯಬೇಕು. ಇಲಿನಾಯ್ ರಾಜ್ಯದ ಪಿಯೋರಿಯಾದಿಂದ ಹೊರಟು ಅದೇ ರಾಜ್ಯದ ಪ್ಲೇನೋ ತಲುಪುವಷ್ಟರಲ್ಲಿ 128 ದಿನ, ದಿನಕ್ಕೊಂದು ಊರು ನೆಲಸಮ. ಕಥೆ ಅಂತ ಇರುವುದು ಒಂದೇ: ಈ ಮೂವರೂ ಮೊದಲು ಮನುಷ್ಯರಾಗಿದ್ದರು. ಒಬ್ಬ ಪ್ರಯೋಗದ ವಿಟಮಿನ್ ನುಂಗಿದವನು, ಒಬ್ಬಳು ವಿಕಿರಣ ಸೇರಿದ ಕೆರೆಯಲ್ಲಿ ಈಜಿದವಳು, ಇನ್ನೊಬ್ಬ ಆಹಾರದಲ್ಲಿ ಬೆರೆಸಿದ್ದನ್ನು ತಿಂದವನು. ಶಕ್ತಿ ಮುಗಿದಾಗ ರಾಕ್ಷಸ ಕುಗ್ಗಿ ಕುಗ್ಗಿ ಬತ್ತಲೆ ಮನುಷ್ಯನಾಗುತ್ತಾನೆ. ಮೈ ಮುಚ್ಚಿಕೊಂಡು, ಪಕ್ಕಕ್ಕೆ ಸರಿಯುತ್ತ, ಪರದೆಯಾಚೆ ಹೋಗಿಬಿಡುತ್ತಾನೆ.

ಸ್ಪೆಕ್ಟ್ರಮ್ ಪೋರ್ಟ್ ಬಂದದ್ದು 1988ರಲ್ಲಿ, ಆಕ್ಟಿವಿಷನ್ ಹೆಸರಿನಲ್ಲಿ. ಬರೆದವರು ಬಾಬ್ ಪೇಪ್. ಕೈಯಲ್ಲಿದ್ದದ್ದು 48 ಕಿಲೋಬೈಟ್. ಈಗ ದಿನಾ ಬೆಳಿಗ್ಗೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಚಿತ್ರವೂ ಇದಕ್ಕಿಂತ ದೊಡ್ಡದಿರುತ್ತದೆ. ಪರದೆಯ ನಿಯಮ ಇನ್ನೂ ಕಠಿಣ: 8×8 ಚುಕ್ಕಿಗಳ ಒಂದೊಂದು ಚೌಕದಲ್ಲಿ ಎರಡೇ ಬಣ್ಣ. ಬೇರೆಬೇರೆ ಬಣ್ಣದ ರಾಕ್ಷಸ ಮತ್ತು ಗೋಡೆ ಒಂದೇ ಚೌಕದಲ್ಲಿ ಕೂಡಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಹೊತ್ತೂ ಮೂರೂ ಗೋಡೆಗೆ ಅಂಟಿಕೊಂಡೇ ಆಡುವ ಆಟಕ್ಕೆ ಇದಕ್ಕಿಂತ ಕೆಟ್ಟ ಯಂತ್ರ ಸಿಗಲಾರದು. ಇಲ್ಲಿ ಬಣ್ಣವನ್ನು ನಂಬುವಂತಿಲ್ಲ. ಗೊರಿಲ್ಲಾ ಯಾರು, ಹಲ್ಲಿ ಯಾರು ಎಂಬುದನ್ನು ಮೈಯ ಗೆರೆಯಿಂದ, ತೋಳು ಬೀಸುವ ರೀತಿಯಿಂದ ಗುರುತಿಸಬೇಕು.

ನಾನಿರುವ ಉದ್ಯಮಬಾಗದಲ್ಲಿ ಫೌಂಡ್ರಿಗಳು ಸಾಲುಸಾಲಾಗಿವೆ. ಪ್ಯಾಟರ್ನ್ ಮಾಡುವ ಕಾಕಾ ಒಬ್ಬರು ಒಮ್ಮೆ ಹೇಳಿದ್ದರು: “ಬೀಡಿಗೆ ಮಾಡಿದ ಪ್ಯಾಟರ್ನ್ ಸ್ಟೀಲಿಗೆ ನಡ್ಯಂಗಿಲ್ಲೋ ತಮ್ಮಾ.” ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಬೀಡು ಮೀಟರಿಗೆ ಸುಮಾರು 10 ಮಿಲಿಮೀಟರ್, ಉಕ್ಕು ಅದರ ಎರಡರಷ್ಟು. ಅಷ್ಟನ್ನು ಮೊದಲೇ ಲೆಕ್ಕ ಹಿಡಿದು ಪ್ಯಾಟರ್ನ್ ಕೊರೆಯಬೇಕು. ಪೋರ್ಟಿಗೂ ಈ ಮಾತು ಹೊಂದುತ್ತದೆ. ಕುಗ್ಗುವುದು ತಪ್ಪಲ್ಲ. ಯಾವ ಅಳತೆ ಕೆಡಬಾರದು ಎಂಬುದು ಕೊರೆಯುವವನಿಗೆ ಗೊತ್ತಿರಬೇಕು.

ಪೇಪ್ ಕೆಡಗೊಡದ ಅಳತೆಗಳಲ್ಲಿ ಒಂದು, ಮೂವರು. ಅದೇ ಕಾಲದ ನಿಂಟೆಂಡೊ ಎನ್‌ಇಎಸ್ ಆವೃತ್ತಿ ರಾಲ್ಫನನ್ನೇ ಕೈಬಿಟ್ಟು ಇಬ್ಬರ ಆಟವಾಯಿತು. ನೋಡಲು ಅದು ಹೆಚ್ಚು ಬಣ್ಣದ್ದೇ. ಆದರೆ ಇಬ್ಬರಿದ್ದರೆ ಜಗಳ ಮಾತ್ರ. ಮೂವರಿದ್ದರೆ ಪಕ್ಷ ಕಟ್ಟಬಹುದು, ಪಕ್ಷ ಬದಲಿಸಬಹುದು, ಕುಗ್ಗಿ ಮನುಷ್ಯನಾದ ಗೆಳೆಯನನ್ನು ಹಿಡಿದು ತಿಂದುಬಿಡಬಹುದು. ಆಟದ ಹಾಸ್ಯವೆಲ್ಲ ಇರುವುದು ಅಲ್ಲಿ.

ಎರಡನೆಯದು ಆ ಬತ್ತಲೆ ಮನುಷ್ಯ. 2018ರಲ್ಲಿ ಡ್ವೇನ್ ಜಾನ್ಸನ್ ನಟಿಸಿದ ಹಾಲಿವುಡ್ ಸಿನಿಮಾ ಇದೇ ಆಟವನ್ನು ತೆಗೆದುಕೊಂಡಿತು. ಅದರಲ್ಲಿ ರೋಮ ರೋಮವೂ ಕಾಣುತ್ತದೆ, ಷಿಕಾಗೋ ನಿಜಕ್ಕೂ ಉರುಳಿದಂತಿದೆ. ಆದರೆ ಜಾರ್ಜ್ ಅಲ್ಲಿ ಮೊದಲಿನಿಂದಲೂ ಗೊರಿಲ್ಲಾ. ರಾಕ್ಷಸನೊಳಗೆ ಮನುಷ್ಯನಿಲ್ಲ, ಹಾಗಾಗಿ ನಾಚಿಕೆಯೂ ಇಲ್ಲ. ಬಿ.ಎಂ.ಶ್ರೀಯವರು ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದಾಗ ಹೆಸರು, ಯುದ್ಧ, ದೇವತೆಗಳೆಲ್ಲ ಬದಲಾದವು. ಚಿರಂಜೀವಿ ಎನಿಸಿಕೊಂಡವನನ್ನು ಸಾಯಿಸುವ ಧೈರ್ಯವನ್ನೂ ಮಾಡಿದರು. ಹುಚ್ಚು ಇಳಿದ ಮೇಲೆ ವೀರನಿಗಾಗುವ ನಾಚಿಕೆಯನ್ನು ಮಾತ್ರ ಬಿಡಲಿಲ್ಲ. ಅದು ಹೋದರೆ ನಾಟಕವೇ ಇಲ್ಲ. ನೂರಾರು ಕೋಟಿ ಖರ್ಚಿನ ಸಿನಿಮಾ ಕಳೆದುಕೊಂಡದ್ದನ್ನು ಕ್ಯಾಸೆಟ್ಟಿನಿಂದ ಲೋಡ್ ಆಗುವ ಈ ಬಡ ಆಟ ಉಳಿಸಿಕೊಂಡಿದೆ.

ಪೋರ್ಟಿನ ಸೋಲು ಬೇರೆ ಕಡೆಯಿದೆ. ಆರ್ಕೇಡ್‌ನಲ್ಲಿ ಇನ್ನೊಂದು ನಾಣ್ಯ ಹಾಕಿದರೆ ಕುಗ್ಗಿದವನು ಅಲ್ಲೇ ಮತ್ತೆ ರಾಕ್ಷಸನಾಗುತ್ತಿದ್ದ. ಊರು ನುಂಗುವ ರಾಕ್ಷಸ, ಕಾಸು ನುಂಗುವ ಯಂತ್ರ. ಮುಂದುವರಿಯಲೋ ಬೇಡವೋ ಎಂಬ ಆ ಗಳಿಗೆಗೆ ಜೇಬಿನ ಭಯವಿತ್ತು. ಮನೆಯಲ್ಲಿ ನಾಣ್ಯವಿಲ್ಲ. ಭಯ ಹೋದ ಕೂಡಲೇ ಮೂಲದಲ್ಲೇ ಇದ್ದ ಏಕತಾನತೆ ಬಯಲಾಗುತ್ತದೆ: ಊರಿನ ಹೆಸರು ಬದಲು, ಗೋಡೆ ಅದೇ. ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಒಬ್ಬನೇ ಆಡುವಾಗ ಹತ್ತನೆಯ ಊರಿನ ಹೊತ್ತಿಗೆ ನನಗೆ ಆಕಳಿಕೆ ಬಂದಿತ್ತು. ಇದನ್ನು ಪೇಪ್ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

80ರ ದಶಕದಲ್ಲಿ ಇದೇ ಸ್ಪೆಕ್ಟ್ರಮ್ಮನ್ನು ಪುಣೆಯ ಡೆಸಿಬೆಲ್ಸ್ ಕಂಪನಿ ಭಾರತದಲ್ಲಿ ಮಾರುತ್ತಿತ್ತು. ಆರ್ಕೇಡ್ ಯಂತ್ರವನ್ನು ಕಣ್ಣಿನಿಂದಲೂ ಕಾಣದೆ ಇಂಥ ಪೋರ್ಟುಗಳನ್ನಷ್ಟೇ ಆಡಿದವರಿಗೆ ಬಣ್ಣ ಹತ್ತಿಕೊಳ್ಳುವ ಆ ಪರದೆಯೇ ಮೂಲ. ಶೇಕ್ಸ್‌ಪಿಯರನನ್ನು ಮೊದಲು ಕಂಪನಿ ನಾಟಕದಲ್ಲಿ ಕಂಡ ನಮ್ಮ ಅಜ್ಜಂದಿರಿಗೆ ಹಾರ್ಮೋನಿಯಂ ಇಲ್ಲದ ಶೇಕ್ಸ್‌ಪಿಯರನೇ ಏನೋ ಕಡಿಮೆಯಾದಂತೆ ಕಂಡಿರಬೇಕು.