ಸೇವೆಗೆ ಹೊರಟವರ ಮನೆಯವರು

ವಿಮಾನದ ಲಗೇಜಿನ ಲೆಕ್ಕ ಗೊತ್ತಿಲ್ಲದವರು ನಮ್ಮ ಫೀಲ್ಡಿನಲ್ಲಿ ಕಡಿಮೆ. ಮೊದಲ ಸಲ ಆನ್‌ಸೈಟ್ ಹೊರಟಾಗ ಚಟ್ನಿಪುಡಿ, ಹಪ್ಪಳ, ಕುಕ್ಕರ್ ಎಲ್ಲ ತುಂಬಿ, ತೂಕ ನೋಡಿ, ಮತ್ತೆ ತೆಗೆದು, ಕೊನೆಗೆ ಮೂರು ಅಂಗಿಯ ಮೇಲೆ ಜಾಕೆಟ್ ಏರಿಸಿಕೊಂಡು ಬೆವರುತ್ತಾ ಏರ್‌ಪೋರ್ಟಿಗೆ ಹೋದವನು ನಾನು. ಅದಕ್ಕೇ ಇರಬೇಕು, ಬಾರ್ಬರಾ ಕಿಂಗ್‌ಸಾಲ್ವರ್ ಅವರ 'ದಿ ಪಾಯ್ಸನ್‌ವುಡ್ ಬೈಬಲ್' ಕಾದಂಬರಿಯ ಶುರುವಿನ ಪುಟಗಳಲ್ಲೇ ಸಿಕ್ಕಿಹಾಕಿಕೊಂಡೆ.

1959ನೇ ಇಸವಿ. ಅಮೆರಿಕದ ಜಾರ್ಜಿಯಾ ರಾಜ್ಯದ ನೇಥನ್ ಪ್ರೈಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ, ಹೆಂಡತಿ ಮತ್ತು ನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಲ್ಜಿಯನ್ನರ ಕೈಯಲ್ಲಿದ್ದ ಕಾಂಗೋದ ಒಂದು ಹಳ್ಳಿಗೆ ಹೊರಟಿದ್ದಾನೆ. ಒಬ್ಬೊಬ್ಬರಿಗೆ 44 ಪೌಂಡ್, ಅಂದರೆ ಸುಮಾರು 20 ಕೆಜಿ ಮಿತಿ. ಹೆಂಗಸರೆಲ್ಲ ಬಟ್ಟೆ ಮೇಲೆ ಬಟ್ಟೆ ಹಾಕಿಕೊಂಡು, ಒಳಗೆ ಕೇಕ್ ಮಿಕ್ಸ್ ಪೊಟ್ಟಣ ಬಚ್ಚಿಟ್ಟುಕೊಂಡು ವಿಮಾನ ಹತ್ತುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕೆಂದು ಅಮ್ಮನ ಆಸೆ. ಕಾಂಗೋದ ತೇವಕ್ಕೆ ಆ ಪುಡಿ ಕಲ್ಲಾಗಿ ಕೂತುಬಿಡುತ್ತದೆ.

ಈ ಕಾದಂಬರಿ ಬಂದದ್ದು 1998ರಲ್ಲಿ. ಲೇಖಕಿ ಮಾಡಿರುವ ಅತ್ಯಂತ ಒಳ್ಳೆಯ ತೀರ್ಮಾನ ಒಂದಿದೆ: ಪಾದ್ರಿಗೆ ಇಲ್ಲಿ ಮಾತಿಲ್ಲ. ಕತೆ ಹೇಳುವವರು ಅವನ ಹೆಂಡತಿ ಆರ್ಲಿಯಾನಾ ಮತ್ತು ರೇಚಲ್, ಲೀಯಾ, ಏಡಾ, ರೂತ್ ಮೇ ಎಂಬ ನಾಲ್ವರು ಮಕ್ಕಳು. ಭಾನುವಾರ ಭಾನುವಾರ ಪ್ರವಚನ ಕೊಡುವ ಗಂಡಸಿಗೆ ಒಂದು ಅಧ್ಯಾಯವೂ ಸಿಗುವುದಿಲ್ಲ. 'ಬಡವರ ಸೇವೆಗೆ ಹೋದರು' ಅಂತ ನಾವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವಲ್ಲ, ಆಗ ನೀರು ಹೊತ್ತವರು ಯಾರು, ಮಲೇರಿಯಾ ಬಂದ ಮಗುವಿನ ಪಕ್ಕ ರಾತ್ರಿಯೆಲ್ಲಾ ಕೂತವರು ಯಾರು ಅನ್ನೋದು ಆ ವಾಕ್ಯದಲ್ಲಿ ಬರುವುದೇ ಇಲ್ಲ. ಈ ಪುಸ್ತಕದ ತುಂಬ ಅದೇ ಇದೆ.

ಹಳ್ಳಿಯಲ್ಲಿ ಬೆಳೆದ ನನಗೆ ಬಹಳ ಹಿಡಿಸಿದ ಭಾಗ ಅವನ ಹಿತ್ತಲ ತೋಟದ್ದು. ಕಾಂಗೋದವರಿಗೆ ಬೇಸಾಯ ಕಲಿಸಿ ಹಸಿವು ನೀಗಿಸುತ್ತೇನೆ ಅಂತ ನೇಥನ್ ಅಮೆರಿಕದಿಂದ ಬೀಜ ತಂದಿದ್ದಾನೆ. ನೆಲವನ್ನು ಮಟ್ಟಸ ಮಾಡಿ ಸಾಲಾಗಿ ಬಿತ್ತುತ್ತಾನೆ. ಮನೆಗೆಲಸಕ್ಕಿದ್ದ ಮಾಮಾ ಟಟಾಬಾ ನೋಡುತ್ತಾಳೆ, ಹೀಗೆ ಬೆಳೆಯಲ್ಲ, ಮಣ್ಣು ಏರಿಸಬೇಕು ಅಂತಾಳೆ. ಅವನು ಕೇಳುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ತೋಟವೆಲ್ಲ ದಿಬ್ಬ ದಿಬ್ಬ! ರಾತ್ರೋರಾತ್ರಿ ಅವಳೇ ಮಡಿ ಏರಿಸಿಟ್ಟಿದ್ದಾಳೆ. ಪಾದ್ರಿ ಸಿಟ್ಟಿನಿಂದ ಮತ್ತೆ ಮಟ್ಟ ಮಾಡುತ್ತಾನೆ. ದೊಡ್ಡ ಮಳೆ ಬಂದು ಬೀಜವೆಲ್ಲ ತೇಲಿಹೋಗುತ್ತದೆ. ಕೊನೆಗೆ ಅವನೂ ದಿಬ್ಬ ಮಾಡುತ್ತಾನೆ, ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೂ ಬಿಡುತ್ತದೆ. ಆದರೆ ಕಾಯಿಲ್ಲ. ಆ ಹೂವಿಗೆ ಪರಾಗ ಮುಟ್ಟಿಸುವ ಹುಳ ಆ ಊರಲ್ಲಿಲ್ಲ.

ಭಾಷೆಯಲ್ಲೂ ಅದೇ ಪಾಡು. ಆ ಊರಿನವರ ಮಾತಿನಲ್ಲಿ 'ಬಾಂಗಾಲ' ಎಂಬ ಪದವನ್ನು ಒಂದು ರೀತಿ ಉಚ್ಚರಿಸಿದರೆ ಅಮೂಲ್ಯ ಅಂತ, ಇನ್ನೊಂದು ರೀತಿ ಉಚ್ಚರಿಸಿದರೆ ಮುಟ್ಟಿದರೆ ಮೈ ಉರಿದು ಬಾತುಕೊಳ್ಳುವ ವಿಷದ ಮರ ಅಂತ. ಪಾದ್ರಿ ಪ್ರತಿ ವಾರ ಎದೆ ಉಬ್ಬಿಸಿ, ಯೇಸು ಆ ವಿಷದ ಮರ ಅಂತ ಸಾರುತ್ತಾನೆ. ಮಕ್ಕಳನ್ನು ನದಿಯಲ್ಲಿ ಮುಳುಗಿಸಿ ದೀಕ್ಷೆ ಕೊಡಬೇಕೆಂದು ಹಟ ಹಿಡಿಯುತ್ತಾನೆ. ಹಿಂದಿನ ವರ್ಷವಷ್ಟೇ ಆ ನದಿಯಲ್ಲಿ ಒಂದು ಹುಡುಗಿಯನ್ನು ಮೊಸಳೆ ಎಳೆದುಕೊಂಡು ಹೋಗಿರುತ್ತದೆ. ಊರಿನವರು ಯಾಕೆ ಹಿಂಜರಿಯುತ್ತಿದ್ದಾರೆ ಅಂತ ಅವನು ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ರಿಕ್ವೈರ್‌ಮೆಂಟ್ ಕೇಳದೆ ಕೋಡ್ ಬರೆಯುವವರನ್ನು ದಿನಾ ನೋಡುವ ನಮಗೆ ಇದು ಹೊಸದೇನಲ್ಲ ಬಿಡಿ.

1960ರ ಜೂನ್ 30ಕ್ಕೆ ಕಾಂಗೋ ಸ್ವತಂತ್ರವಾಗುತ್ತದೆ. ಮಿಷನ್ನಿನವರು ವಾಪಸ್ ಬನ್ನಿ ಅಂತಾರೆ, ತಿಂಗಳ ಹಣ ನಿಲ್ಲುತ್ತದೆ. ನೇಥನ್ ಹೊರಡುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸಿನಲ್ಲಿ ಗಾಯಗೊಂಡು ಬದುಕಿ ಬಂದವನು ಅವನು. ಅವನ ಜೊತೆಗಿದ್ದವರೆಲ್ಲ 1942ರ ಬತಾನ್ ಮೆರವಣಿಗೆಯಲ್ಲಿ ಸತ್ತರು. ಇನ್ನೊಮ್ಮೆ ಹೇಡಿಯಾಗಲಾರೆ ಅನ್ನುವುದು ಅವನ ಒಳಗಿನ ಲೆಕ್ಕ. ಆ ಲೆಕ್ಕ ಚುಕ್ತಾ ಆದದ್ದು ಅವನ ಕಿರಿಯ ಮಗಳು ರೂತ್ ಮೇ ಹಾವು ಕಚ್ಚಿ ಸತ್ತಾಗ. ಅದೂ ಪ್ರಧಾನಿ ಪತ್ರಿಸ್ ಲುಮುಂಬಾ ಕೊಲೆಯಾದ 1961ರ ಜನವರಿ 17ರಂದೇ. ಅಮ್ಮ ಅಳುತ್ತಾ ಕೂರುವುದಿಲ್ಲ. ಮನೆಯ ಸಾಮಾನೆಲ್ಲ ಅಂಗಳಕ್ಕೆ ತಂದು ಊರವರಿಗೆ ಹಂಚಿ, ಉಳಿದ ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ನಡೆದುಬಿಡುತ್ತಾಳೆ. ಆ ಪುಟಗಳನ್ನು ಓದಿದ್ದು ಮೆಟ್ರೋದಲ್ಲಿ. ನನ್ನ ಸ್ಟೇಷನ್ ದಾಟಿ ಹೋಗಿತ್ತು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರು ಹೇಳಬೇಕು. ನೇಥನ್ ಕೆಟ್ಟವನು. ಹೆಂಡತಿ ಮಕ್ಕಳ ಮೇಲೆ ಕೈ ಮಾಡುತ್ತಾನೆ, ಹೆಣ್ಣುಮಕ್ಕಳಿಗೆ ಓದು ಯಾಕೆ ಅಂತಾನೆ, ಮಗಳು ಸತ್ತ ಹೊತ್ತಲ್ಲೂ ಅವನ ನೆನಪಿಗೆ ಬರುವುದು ಅವಳಿಗೆ ದೀಕ್ಷೆ ಆಗಿಲ್ಲ ಎಂಬುದು. ಇಂಥವನನ್ನು ಬಿಟ್ಟು ಹೋಗುವುದು ಸರಿಯೋ ತಪ್ಪೋ ಅಂತ ಯಾವ ಓದುಗನಿಗೂ ಅನುಮಾನ ಬರಲ್ಲ. ಆದರೆ ಹೊರಟವನು ಒಳ್ಳೆಯವನಾಗಿದ್ದರೆ?

ನನ್ನಪ್ಪ ಒಳ್ಳೆಯವರು. ಧರ್ಮಪ್ರಚಾರ ಗಿಚಾರ ಏನಿಲ್ಲ, ಊರ ಕೆಲಸ ಅಷ್ಟೇ. ಡೇರಿ ಆಗಬೇಕು ಅಂತ ಓಡಾಡಿದವರು, ಶಾಲೆಗೆ ಕಾಂಪೌಂಡ್ ಕಟ್ಟಿಸಿದವರು. ಯಾರದೋ ಮಗಳ ಆಪರೇಷನ್ನಿಗೆ ಅವ್ವನ ಓಲೆ ಅಡವಿಟ್ಟರು, ಆ ಓಲೆ ವಾಪಸ್ ಬರಲಿಲ್ಲ. ನನ್ನನ್ನು ಪಿಯುಸಿಗೆ ಸೇರಿಸಬೇಕಿದ್ದ ದಿನ ಅಪ್ಪ ಇನ್ಯಾರದೋ ಪಹಣಿ ಸರಿಮಾಡಿಸಲು ಹೋಗಿದ್ದರು. ಬಸ್ಸಿನ ಬೋರ್ಡು ಓದಲು ಬಾರದ ಅವ್ವ ನನ್ನ ಜೊತೆ ಕಾಲೇಜಿಗೆ ಬಂದಳು. ಇವತ್ತಿಗೂ ಊರಲ್ಲಿ ಜನ ನನ್ನನ್ನು ನಿಲ್ಲಿಸಿ, ನಿಮ್ಮಪ್ಪ ದೇವರಂಥೋರು ಅಂತಾರೆ. ಹೌದು, ಸುಳ್ಳಲ್ಲ. ಅವ್ವನನ್ನು ಮಾತ್ರ ಯಾರೂ ಹಾಗೆ ನಿಲ್ಲಿಸಿ ಹೇಳಿದ್ದು ನಾನು ನೋಡಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಸಿಟ್ಟೂ ಬರಲ್ಲ, ಅದೇ ಕಷ್ಟ.

ನಿಜವಾದ ಮಿಷನರಿಗಳ ಕತೆಯಲ್ಲೂ ಈ ಕಷ್ಟ ಇದೆ. ನಮ್ಮ ಕಿಟೆಲ್ ಅವರನ್ನೇ ನೋಡಿ. ನೇಥನ್‌ಗೆ ಪೂರ್ತಿ ತದ್ವಿರುದ್ಧ. ಜನರ ಮಾತಿಗೆ ಕಿವಿಕೊಟ್ಟು, ದಶಕಗಳ ಕಾಲ ಪದ ಕೂಡಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು. ಕನ್ನಡಿಗರೆಲ್ಲ ಅವರಿಗೆ ಋಣಿಗಳು. ಆದರೆ ಅವರಿದ್ದ ಬಾಸೆಲ್ ಮಿಷನ್ನಿನ ಪದ್ಧತಿ ಏನು ಗೊತ್ತಾ? ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಿಬಿಡುವುದು. ಅಂಥ ಮಕ್ಕಳಿಗಾಗಿಯೇ ಬಾಸೆಲ್‌ನಲ್ಲಿ ಒಂದು ಮನೆ ಇತ್ತು. ಅಪ್ಪ ಅಮ್ಮ ಇಲ್ಲಿ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಗ ಆ ಮಕ್ಕಳು ಅಲ್ಲಿ ಕಾಗದಕ್ಕೆ ಕಾಯುತ್ತಿದ್ದರು.

ಕಿಂಗ್‌ಸಾಲ್ವರ್‌ಗೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಬಾಲ್ಯದಲ್ಲಿ ಅವರೂ ಸ್ವಲ್ಪ ಕಾಲ ಕಾಂಗೋದಲ್ಲಿದ್ದವರು, ತಂದೆ ತಾಯಿ ಆರೋಗ್ಯ ಸೇವೆಗೆ ಹೋಗಿದ್ದರು. ಪುಸ್ತಕದ ಮುಂದಿನ ಮಾತಿನಲ್ಲಿ, ಈ ಕಾದಂಬರಿಯ ತಂದೆ ತಾಯಿಗೂ ನನ್ನವರಿಗೂ ಯಾವ ಹೋಲಿಕೆಯೂ ಇಲ್ಲ ಎಂದು ಅವರಿಗೆ ಕೃತಜ್ಞತೆ ಹೇಳುತ್ತಾರೆ. ಓದಿದಾಗ ನನಗನ್ನಿಸಿದ್ದು: ಮೇಡಂ, ಆ ಕತೆಯನ್ನೇ ಬರೆಯಬಹುದಿತ್ತಲ್ಲ! ಒಳ್ಳೆಯ ಮಿಷನರಿಯಾಗಿ ಬ್ರದರ್ ಫೌಲ್ಸ್ ಎಂಬ ಪಾತ್ರ ಇದೆ. ಊರವರ ಜೊತೆ ಬೆರೆತವನು, ಅಲ್ಲಿನವಳನ್ನೇ ಮದುವೆಯಾದವನು, ದೋಣಿಯಲ್ಲಿ ಔಷಧಿ ಹಂಚುವವನು. ಬಂದಷ್ಟೇ ಬೇಗ ಹೊರಟುಹೋಗುತ್ತಾನೆ. ಅವನ ಹೆಂಡತಿ ಮಕ್ಕಳಿಗೆ ಹೇಗನ್ನಿಸುತ್ತಿತ್ತೋ, ಕತೆ ಕೇಳುವುದಿಲ್ಲ.

ಕೊನೆಯ ಮೂರನೇ ಒಂದು ಭಾಗದಲ್ಲಿ ಇನ್ನೊಂದು ಅವಕಾಶ ತಪ್ಪಿದೆ. ಮಗಳು ಲೀಯಾ ಕಾಂಗೋದಲ್ಲೇ ಉಳಿದು ಅನತೋಲ್ ಎಂಬ ಮೇಷ್ಟರನ್ನು ಮದುವೆಯಾಗುತ್ತಾಳೆ. ಮೊಬುಟು ಆಡಳಿತದಲ್ಲಿ ಗಂಡ ಜೈಲಿಗೆ ಹೋಗುತ್ತಾನೆ. ಅಪ್ಪನಿಗೆ ದೇವರು ಹೇಗೋ ಅವಳಿಗೆ ನ್ಯಾಯ ಹಾಗೆ. ಅದಕ್ಕಾಗಿ ಏನು ಬೇಕಾದರೂ ಸಹಿಸಬಲ್ಲಳು. ಅವಳಿಗೆ ನಾಲ್ಕು ಗಂಡುಮಕ್ಕಳು, ಒಬ್ಬನ ಹೆಸರು ನತಾನಿಯೆಲ್. ಈ ನಾಲ್ವರಲ್ಲಿ ಯಾರಿಗೂ ಒಂದು ಪುಟವೂ ಇಲ್ಲ! ನೇಥನ್‌ನ ಮಕ್ಕಳಿಗೆ ಮಾತು ಕೊಟ್ಟ ಪುಸ್ತಕ ಲೀಯಾಳ ಮಕ್ಕಳಿಗೆ ಕೊಡಲಿಲ್ಲ, ಯಾಕೆಂದರೆ ಲೀಯಾಳ ಕಡೆಗೆ ಲೇಖಕಿಗೆ ಒಲವಿದೆ. ಊರಿನ ಮಾಮಾ ಟಟಾಬಾಗೂ ಒಂದು ಅಧ್ಯಾಯ ಇಲ್ಲ. ಕಾಂಗೋ ಏನು ಯೋಚಿಸಿತು ಅನ್ನುವುದನ್ನೂ ಅಮೆರಿಕನ್ನರ ಬಾಯಿಂದಲೇ ಕೇಳಬೇಕು. ಆ ಭಾಗದಲ್ಲಿ ರಾಜಕೀಯ ಪಾಠವೂ ಸ್ವಲ್ಪ ಜಾಸ್ತಿಯಾಯಿತು.

ಆದರೂ ಓದಿ. ದಪ್ಪ ಪುಸ್ತಕ, ಇಂಗ್ಲಿಷ್ ಕಷ್ಟವಿಲ್ಲ. ಏಡಾ ಪದಗಳನ್ನು ತಿರುಗಿಸಿ ಆಡುವ ಕಡೆ ಮಾತ್ರ ನಿಧಾನ ಮಾಡಬೇಕು.

ಕಳೆದ ವರ್ಷದಿಂದ ನಾನೂ ಪ್ರತಿ ಶನಿವಾರ ಊರ ಶಾಲೆಗೆ ಹೋಗಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಲಿಂಕ್ಡ್‌ಇನ್‌ನಲ್ಲಿ ಫೋಟೊ ಹಾಕಿದ್ದೇನೆ, ಲೈಕುಗಳೂ ಬಂದಿವೆ. ಪುಸ್ತಕ ಮುಗಿಸಿದ ರಾತ್ರಿ ಹೆಂಡತಿಯನ್ನು ಕೇಳಿದೆ, "ನಾನು ಶನಿವಾರ ಹೋಗೋದು ನಿಂಗೆ ಕಷ್ಟ ಆಗ್ತಿದೆಯಾ?" ಅಂತ. "ಈಗ ಕೇಳ್ತಿದೀಯಾ?" ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಿದೆವು. ಈಗ ತಿಂಗಳಿಗೆ ಎರಡೇ ಶನಿವಾರ ಹೋಗುತ್ತೇನೆ. ಒಂದು ಸಲ ಅವಳೂ ಮಗಳೂ ಜೊತೆಗೆ ಬಂದಿದ್ದರು. ಅವ್ವ ಮೊಮ್ಮಗಳನ್ನು ಎತ್ತಿಕೊಂಡು ಶಾಲೆಯ ಕಾಂಪೌಂಡಿನ ಹತ್ತಿರ ನಿಂತು, "ಇದು ನಿಮ್ಮ ತಾತ ಕಟ್ಟಿಸಿದ್ದು" ಅಂತ ತೋರಿಸುತ್ತಿದ್ದಳು.