ಮರಳಲ್ಲಿ ಮಲಗಿದ ಲೇಡಿ ಬಿ ಗುಡ್
1943ರ ಏಪ್ರಿಲ್ 4ರಂದು ಲಿಬಿಯಾದ ಸೊಲುಕ್ ನೆಲೆಯಿಂದ ನೇಪಲ್ಸ್ ದಾಳಿಗೆ ಹೊರಟದ್ದೇ ಈ ಬಿ-24 ಲಿಬರೇಟರ್ ಬಾಂಬರಿನ ಮೊದಲ ಕಾರ್ಯಾಚರಣೆ, ಕೊನೆಯದೂ ಅದೇ. ಹಿಂದಿರುಗುವಾಗ ಕತ್ತಲಲ್ಲಿ ನೆಲೆಯನ್ನೇ ದಾಟಿ ಸಹಾರಾದ ಒಳಕ್ಕೆ ಹಾರಿತು. ಇಂಧನ ಬತ್ತುತ್ತಿದ್ದಂತೆ ಒಂಬತ್ತೂ ಮಂದಿ ಧುಮುಕಿದರು, ಯಾರೂ ಬದುಕಲಿಲ್ಲ. ಇಷ್ಟಾದ ಮೇಲೂ ಯಂತ್ರವನ್ನು ಹೊಗಳುವುದೇ ಎಂದು ಕೇಳಬಹುದು. ಆದರೆ ದಾರಿ ತಪ್ಪಿಸಿದ್ದು ರೆಕ್ಕೆಯಲ್ಲ. ಸಂಕೇತ ಮುಂದಿನಿಂದ ಬಂತೋ ಹಿಂದಿನಿಂದಲೋ ಎಂಬುದನ್ನು ಅಂದು ದಿಕ್ಕು ಹೇಳಿದ ರೇಡಿಯೊ ಸಾಧನ ಗುರುತಿಸುತ್ತಿರಲಿಲ್ಲ. ಯಾರೂ ಇಲ್ಲದ ವಿಮಾನವೋ, ಉದ್ದನೆಯ, ಕಡಿಮೆ ಅಗಲದ ಡೇವಿಸ್ ರೆಕ್ಕೆಯನ್ನು ನಂಬಿ, ಒಂದೇ ಎಂಜಿನ್ನಿನ ಉಸಿರಿನಲ್ಲಿ, ಇನ್ನೂ ಸುಮಾರು 25 ಕಿಲೋಮೀಟರ್ ಸಾಗಿ ಹೊಟ್ಟೆಯ ಮೇಲೆ ಇಳಿದು ಜಾರಿತು. ಬೆನ್ನು ಮುರಿದರೂ ಒಡಲು ಚೂರಾಗಲಿಲ್ಲ. ಹದಿನಾರು ವರ್ಷಗಳ ಬಿಸಿಲು, ಮರಳುಗಾಳಿ ಉಂಡ ಮೇಲೆ, 1959ರಲ್ಲಿ ವಿಮಾನದ ಬಳಿ ತಲುಪಿದವರ ಕೈಯಲ್ಲಿ ಅದರ ಮೆಷಿನ್‌ಗನ್ ಸಿಡಿಯಿತು, ರೇಡಿಯೊ ಕೆಲಸ ಮಾಡಿತು.